ಜಾಹೀರಾತು ಬಂದಾಗ ಕೂರುವವಳು

ನನ್ನ ಮೊಮ್ಮಗಳು ಗೆದ್ದಳು! ಮಧ್ಯಾಹ್ನ ಹನ್ನೆರಡೂವರೆಗೆ ಮಣಿಪಾಲದಿಂದ ಫೋನು ಬಂತು, ಪಿಎಚ್‌ಡಿ ಪಾಸಾಯಿತಂತೆ! ನಾನು ಅಂಗಳಕ್ಕೆ ಓಡಿ, ಮಲ್ಲಿಗೆ ಗಿಡಗಳಿಗೂ ಕೇಳುವ ಹಾಗೆ ಕೂಗಿದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಸಂತೋಷವನ್ನು ಮೆಲ್ಲಗೆ ಹೇಳುವುದನ್ನು ನನಗೆ ಯಾರು ಕಲಿಸಿದ್ದಾರೆ?

ಈಗ ನಿಜ ಹೇಳಿಬಿಡುತ್ತೇನೆ. ಇವಳಿಗೆ ಮಂಡೆ ಸಮ ಇಲ್ಲ ಎಂದು ಕಾಪುವಿನಿಂದ ಕಾರ್ಕಳದವರೆಗೆ ಹೇಳಿಕೊಂಡು ತಿರುಗಿದವಳೂ ನಾನೇ.

ಹೇಳದೆ ಮತ್ತೇನು ಮಾಡಲಿ? ಜಾಹೀರಾತು ಜನರನ್ನು ಹೇಗೆ ಅಂಗಡಿಗೆ ಎಳೆಯುತ್ತದೆ ಎಂಬುದೇ ಅವಳ ಓದು. ಟಿವಿಯಲ್ಲಿ ಜಾಹೀರಾತು ಬಂದರೆ ಊರಿನವರೆಲ್ಲ ಅಡುಗೆಮನೆಗೆ ಏಳುತ್ತಾರೆ. ಇವಳು ಓಡಿ ಬಂದು ಕೂರುತ್ತಾಳೆ! ಧಾರಾವಾಹಿ ಶುರುವಾಯಿತೋ, ಎದ್ದು ಹೋಗುತ್ತಾಳೆ. ಕಾಪು ಪೇಟೆಯಲ್ಲಿ ಒಮ್ಮೆ ಸಾಬೂನಿನ ಸಾಲಿನ ಎದುರು ಎರಡು ಗಂಟೆ ನಿಂತಿದ್ದಳು. ಅಂಗಡಿಯವರು ನನಗೆ ಫೋನು ಮಾಡಿದರು: "ಅಕ್ಕ, ನಿಮ್ಮ ಮೊಮ್ಮಗಳು ಎಂತದ್ದೂ ತಗೊಳ್ಳುವುದಿಲ್ಲ, ತಗೊಳ್ಳುವವರ ಮುಖ ನೋಡ್ತಾಳೆ. ಗಿರಾಕಿಗಳು ಹೆದರಿ ಹೋಗ್ತಿದ್ದಾರೆ ಮಾರಾಯ್ರೆ!"

ಕಾರ್ಕಳದ ಮದುವೆಯ ಕತೆ ಇನ್ನೂ ಚೆಂದ. ಮದುಮಗಳ ಹತ್ತಿರ ಹೋಗಿ ಇವಳು ಕೇಳಿದ್ದೇನು ಗೊತ್ತೇ? "ಈ ಸೀರೆ ನಿಮಗೆ ಇಷ್ಟ ಆಗಿ ತಗೊಂಡದ್ದಾ, ರಸ್ತೆ ಬದಿಯ ಬೋರ್ಡಿನ ಹುಡುಗಿ ಉಟ್ಟಿದ್ದಾಳೆ ಅಂತ ತಗೊಂಡದ್ದಾ?" ಆ ದಿನ ಮದುಮಗಳ ತಾಯಿ ನಮ್ಮ ಎಲೆಗೆ ಪಾಯಸ ಬಡಿಸಲೇ ಇಲ್ಲ!

ಇಷ್ಟರವರೆಗೆ ನಗಬಹುದು. ಮುಂದಿನ ಕತೆಯಲ್ಲಿ ತಪ್ಪು ನನ್ನದು.

ಒಂದು ದಿನ ಅವಳು ನಲವತ್ತು ಫಾರ್ಮು ತಂದಳು. "ಅಜ್ಜಿ, ಇದನ್ನು ನಮ್ಮೂರಿನ ಹೆಂಗಸರ ಹತ್ತಿರ ತುಂಬಿಸಿ ಇಡಿ. ಜಾಹೀರಾತು ನೋಡಿ ಸಾಮಾನು ತಗೊಳ್ತಾರಾ, ಇಲ್ವಾ ಅಂತ ಗೊತ್ತಾಗಬೇಕು." ನಾನು ಮನೆ ಮನೆಗೆ ಹೋದೆ. ಎಲ್ಲರದ್ದೂ ಒಂದೇ ಮಾತು: "ನಮಗೆ ಇದೆಲ್ಲ ಎಂತ ಗೊತ್ತುಂಟು ಅಕ್ಕ? ನೀವೇ ಹಾಕಿಬಿಡಿ." ಪ್ರಶ್ನೆ ಓದಿದೆ. ಜಾಹೀರಾತು ನೋಡಿ ಮರುಳಾಗುತ್ತೀರಾ? ಹೌದು, ಇಲ್ಲ. ಪ್ರಶ್ನೆಪತ್ರಿಕೆ ಎಂದ ಮೇಲೆ ಸರಿ ಉತ್ತರ ಒಂದೇ ಅಲ್ಲವೇ? ನೆರೆಕರೆಯವರು ಒಬ್ಬರೂ ಫೇಲಾಗಬಾರದು ಎಂದು ಕನ್ನಡಕ ಹಾಕಿ ಕೂತು ನಲವತ್ತಕ್ಕೂ 'ಇಲ್ಲ' ಎಂದು ಗುರುತು ಹಾಕಿದೆ. ಮೊಣಕಾಲು ನೋವಿಗೆಂದು ಟಿವಿ ನೋಡಿ ತರಿಸಿದ ಏಳು ಬಾಟಲಿ ಎಣ್ಣೆ ನನ್ನ ಕಪಾಟಿನಲ್ಲೇ ಇತ್ತು. ಆದರೂ ನನಗೆ ನಾನೇ ಮೊದಲು 'ಇಲ್ಲ' ಹಾಕಿಕೊಂಡೆ!

ಮರುದಿನ ಬೆಳಿಗ್ಗೆ ಬಸ್ಸಿಗೆ ಹೊತ್ತಾಯಿತೆಂದು ಅವಳು ಕಟ್ಟನ್ನು ಬಿಚ್ಚದೆ ಚೀಲಕ್ಕೆ ತುರುಕಿ ಓಡಿದಳು. ಮಣಿಪಾಲದಲ್ಲಿ ಅವಳ ಗೈಡ್ ಮೇಡಂ ಅವಳೆದುರೇ ಬಿಚ್ಚಿದರಂತೆ. ನಲವತ್ತು ಜನರ ಉತ್ತರ ಒಂದೇ, ಗುರುತಿನ ಬಾಲ ಬಾಗಿದ್ದೂ ಒಂದೇ ಕಡೆಗೆ! "ನೀನೇ ಕೂತು ತುಂಬಿಸಿದ್ದಲ್ವಾ? ಮೂರು ತಿಂಗಳಲ್ಲಿ ನಿಜವಾದ ಉತ್ತರ ತಾ. ಆಗದಿದ್ದರೆ ಇದನ್ನು ಇಲ್ಲಿಗೇ ಬಿಡು."

ಸಂಜೆ ಅವಳು ಬಂದು ಚಾವಡಿಯಲ್ಲಿ ಚಪ್ಪಲಿ ಬಿಚ್ಚದೆ ಕೂತಳು. ನಾಲ್ಕು ವರ್ಷದ ಓದು. ವಿಷಯ ತಿಳಿದ ಮೇಲೆ ನಾನೂ ಅವಳ ಪಕ್ಕ ನೆಲಕ್ಕೇ ಕೂತೆ.

"ನಾನೇ ಹಾಕಿದ್ದು ಮಗಾ, ಯಾರೂ ಫೇಲಾಗಬಾರದು ಅಂತ. ನಾಳೆ ನಿನ್ನೊಟ್ಟಿಗೆ ಬಂದು ಹೇಳ್ತೇನೆ."

"ಬೇಡ ಅಜ್ಜಿ," ಎಂದಳು. "ಹೇಳಿದರೂ ಉತ್ತರ ಬೇಕಲ್ಲ? ಇನ್ನೊಮ್ಮೆ ಕಾಗದ ಕೊಟ್ಟರೂ ಹೆಂಗಸರು 'ಇಲ್ಲ' ಅಂತಲೇ ಹೇಳ್ತಾರೆ."

ಅವಳು ಬೈದಿದ್ದರೆ ಒಳ್ಳೆಯದಿತ್ತು. ಎರಡು ದಿನ ನನಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹೂ ಕಟ್ಟಲು ಕೂತಾಗ ಹೊಳೆಯಿತು. ಶಂಕರಪುರದ ಕಡೆಯ ನಮ್ಮ ಮನೆಗಳಲ್ಲಿ ಮೊಗ್ಗು ಕೊಯ್ದ ಮೇಲೆ ಹೆಂಗಸರು ಸುತ್ತ ಕೂತು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತೇವೆ. ಹೂವಿನವರು ಬರುವುದರೊಳಗೆ ಮುಗಿಯಬೇಕು. ಕಣ್ಣೆಲ್ಲ ಮೊಗ್ಗಿನ ಮೇಲೆ, ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಆಗ ಬಾಯಿಗೆ ಬರುವುದು ಬರೀ ಸತ್ಯ!

"ಪೆನ್ನು ಬಿಡು, ನಾರು ಹಿಡಿ," ಎಂದು ಮೊಮ್ಮಗಳನ್ನು ಎಳೆದು ಕೂರಿಸಿದೆ. ಅವಳು ಕಟ್ಟಿದ ಮಾಲೆ ನೋಡಿ ಪಕ್ಕದ ಮನೆಯ ಸಿಸಿಲಿ ಬಾಯಿ, "ಇದನ್ನು ಮುಡಿದರೆ ಗಂಡ ಡೈವೋರ್ಸು ಕೊಟ್ಟಾನು!" ಎಂದರು. ಎಲ್ಲರೂ ನಕ್ಕರು. ಆ ನಗೆಯ ನಡುವೆ ನಾನು ನನ್ನ ಏಳು ಬಾಟಲಿ ಎಣ್ಣೆಯ ಕತೆ ಹೇಳಿದೆ. ಜಾಹೀರಾತಿನ ಅಜ್ಜಿ ಮೆಟ್ಟಿಲು ಹತ್ತಿ ಓಡುತ್ತಾಳೆ, ನಾನು ಬಾಟಲಿ ತೆಗೆಯಲು ಸ್ಟೂಲು ಹತ್ತಲೂ ಆಗುವುದಿಲ್ಲ!

ಸಿಸಿಲಿ ಬಾಯಿ ಇನ್ನೆರಡು ಮೊಗ್ಗು ನಾರಿಗೆ ಸೇರಿಸಿದರು. ಆಮೇಲೆ ತಲೆ ಎತ್ತದೆ ಹೇಳಿದರು: "ಟಿವಿಯಲ್ಲಿ ಒಂದು ಚಹಾಪುಡಿ ಬರ್ತದಲ್ಲ, ಸೊಸೆ ಅತ್ತೆಗೆ ಲೋಟ ತಂದು ಕೊಡುವುದು? ನಾನು ಅದನ್ನೇ ತರುವುದು. ರುಚಿ ಎಂತದ್ದೂ ಇಲ್ಲ. ಪ್ಯಾಕೆಟ್ ಬಿಚ್ಚುವಾಗ ಯಾರೋ ನನಗೆ ಮಾಡಿಕೊಡುವ ಹಾಗೆ ಆಗ್ತದೆ, ಅಷ್ಟೆ."

ಮೊಮ್ಮಗಳು ಮೆಲ್ಲಗೆ ಕೇಳಿದಳು: "ಬರೆಯಲಾ ಬಾಯಿ?"

"ಬರಿ. ನನ್ನ ಹೆಸರು ಮಾತ್ರ ಹಾಕಬೇಡ."

ಎರಡೂವರೆ ತಿಂಗಳು ಅವಳು ಮನೆಯಿಂದ ಮನೆಗೆ ಹೋಗಿ ಹೂ ಕಟ್ಟಿದಳು. ನಲವತ್ತು ಜನ, ನಲವತ್ತು ಉತ್ತರ. ಒಂದರ ಹಾಗೆ ಇನ್ನೊಂದಿಲ್ಲ. ಗೈಡ್ ಮೇಡಂ ಒಪ್ಪಿದರು. ಇವತ್ತು ಪರೀಕ್ಷಕರೆದುರು ಅದನ್ನೇ ಓದಿದ್ದಂತೆ.

ಸಂಜೆ ಮಗ, ಸೊಸೆ, ಮೊಮ್ಮಗಳು, ನಾನು ಎಲ್ಲರೂ ಒಟ್ಟಿಗೇ, ಗರಿಗರಿ ರೊಟ್ಟಿಗೆ ಕೋಳಿ ಸಾರು ಸುರಿದು ತಿನ್ನುವ ಕೋರಿ ರೊಟ್ಟಿಗೆ ಕೂತೆವು. ನನ್ನ ಮನಸ್ಸಿನಲ್ಲಿ ಒಂದೇ ಕೊರೆತ. ಕೇಳಿಯೇ ಬಿಟ್ಟೆ: "ಮೊದಲಿನ ಆ ಕಾಗದಗಳ ವಿಷಯ ಬಂತಾ ಮಗಾ?"

"ಬಂತು. ಅವು ಎಲ್ಲಿ ಅಂತ ಪರೀಕ್ಷಕರು ಕೇಳಿದರು. ಬಿಸಾಡಲಿಲ್ಲ, ನಲವತ್ತನ್ನೂ ಥೀಸಿಸ್ಸಿನ ಕೊನೆಗೆ ಸೇರಿಸಿದ್ದೇನೆ ಅಂದೆ."

"ಅಯ್ಯೋ! ಯಾಕೆ ಮಾರಾಯ್ತಿ?"

"ಅವರೂ ಯಾಕೆ ಅಂತಲೇ ಕೇಳಿದರು. ನಮ್ಮ ಅಜ್ಜಿ ಯಾರನ್ನೂ ಫೇಲು ಮಾಡುವವರಲ್ಲ ಸರ್, ಅದೂ ಒಂದು ಉತ್ತರವೇ ಅಂದೆ."

ನನಗೆ ಬಟ್ಟಲು ಕಾಣಿಸಲಿಲ್ಲ. ಮಗ ನನ್ನ ರೊಟ್ಟಿಯ ಮೇಲೆ ಇನ್ನೊಂದು ಸೌಟು ಸಾರು ಹಾಕಿ, "ಮೆತ್ತಗಾಗ್ತದೆ ಅಮ್ಮ, ತಿನ್ನಿ," ಎಂದ. ತಿಂದೆ. ಎಲ್ಲರೂ ಬಟ್ಟಲು ಬರಿದಾಗುವವರೆಗೆ ತಿಂದೆವು.