ಒಂದೂ ಪಂದ್ಯ ಗೆಲ್ಲದ ಕ್ಲಬ್ಬಿನ ಚರಿತ್ರೆ

ನಾಸಿಕ್‌ನ ನಮ್ಮ ಕನ್ನಡಿಗರ ಫುಟ್‌ಬಾಲ್ ಕ್ಲಬ್ಬಿನಲ್ಲಿ ಆಟವೊಂದನ್ನು ಬಿಟ್ಟು ಉಳಿದದ್ದೆಲ್ಲ ನಡೆಯುತ್ತದೆ, ನಡೆಯುತ್ತಲೇ ಇರುತ್ತದೆ. ಅಧ್ಯಕ್ಷರು ಉಡುಪಿ ಕಡೆಯ ಹೋಟೆಲ್ ಮಾಲೀಕರು. ಕಾರ್ಯದರ್ಶಿ ಕಲಬುರಗಿಯ ನಮ್ಮಪ್ಪ. ಇಬ್ಬರೂ ಜನ್ಮದಲ್ಲಿ ಚೆಂಡು ಒದ್ದವರಲ್ಲ. ನನ್ನದು ಮಾತು ಕಡಿಮೆ, ಮೂಲೆಯಲ್ಲಿ ಕೂತು ನೋಡುವವಳು. ನೋಡಲು ಬೇಕಾದಷ್ಟಿರುತ್ತದೆ.

೧. ಇಂಗ್ಲೆಂಡಿನವರಿಗುಂಟು

ಇಂಗ್ಲೆಂಡಿನ ಯಾವುದೋ ಹಳ್ಳಿ ಕ್ಲಬ್ಬಿನ ಚರಿತ್ರೆಯನ್ನು ಅಧ್ಯಕ್ಷರು ಮೊಬೈಲಿನಲ್ಲಿ ನೋಡಿದರು. ಯಾವ ದೊಡ್ಡ ಲೀಗಿನಲ್ಲೂ ಇಲ್ಲದ ಕ್ಲಬ್ಬಂತೆ.

"ಅವರಿಗೆ ಚರಿತ್ರೆ ಉಂಟು, ನಮಗೆ ಯಾಕಿಲ್ಲ? ನೀನು ಇಂಗ್ಲಿಷ್ ಮೀಡಿಯಂ ಅಲ್ವಾ ಮಗಾ, ಬರಿ."

"ನಾವು ಏನೂ ಗೆದ್ದಿಲ್ಲವಲ್ಲ ಅಂಕಲ್?" ಎಂದೆ ಮೆಲ್ಲಗೆ.

"ಗೆದ್ದದ್ದು ಬರೆದ್ರೆ ಅದು ಜಾಹೀರಾತು. ಸೋತದ್ದನ್ನು ಸ್ವಲ್ಪ ಚಂದ ಮಾಡಿ ಬರೆದ್ರೆ ಅದೇ ಚರಿತ್ರೆ!"

೨. ಎಡ

ಮೈದಾನದಲ್ಲಿ ಕನ್ನಡವನ್ನೇ ಮಾತಾಡಬೇಕು ಅಂತ ಅಧ್ಯಕ್ಷರ ಅಪ್ಪಣೆ. ಇಲ್ಲೇ ಹುಟ್ಟಿ ಬೆಳೆದ ಹುಡುಗರಿಗೆ ಕನ್ನಡ ಅಂದರೆ ಅಜ್ಜಿಯ ಬೈಗುಳ ಅಷ್ಟೇ. ಆದರೂ ನಮ್ಮ ಕ್ಯಾಪ್ಟನ್, ಅಂದರೆ ನನ್ನ ಚಿಕ್ಕಪ್ಪನ ಮಗ, ಎಡ-ಬಲ ಬಾಯಿಪಾಠ ಮಾಡಿದ.

ಪಿಂಪಳಗಾಂವ್‌ನಲ್ಲಿ ಪಂದ್ಯ. ಚೆಂಡು ಒಯ್ಯುತ್ತಿದ್ದ ನಮ್ಮವನಿಗೆ ಇವನು "ಎಡಾ! ಎಡಾ!" ಅಂತ ಕೂಗಿದ. ಮರಾಠಿಯಲ್ಲಿ ಯೇಡಾ ಅಂದರೆ ಹುಚ್ಚ. ನಮ್ಮವನು ಚೆಂಡು ಅಲ್ಲೇ ಬಿಟ್ಟು ಕಾಲರ್ ಹಿಡಿಯಲು ಬಂದ. "ಯೇಡಾ ಕೋಣಾಲಾ ಮ್ಹಣತೋಸ್ ರೇ?" ಹುಚ್ಚ ಅಂತ ಯಾರಿಗಂತೀ ಅಂತ ಅವನ ಪ್ರಶ್ನೆ.

ಇವರಿಬ್ಬರ ಜಗಳ ಬಿಡಿಸಲು ನಮ್ಮ ಗೋಲ್‌ಕೀಪರೂ ಓಡಿಬಂದ. ಎದುರಾಳಿಗಳು ನಡೆದುಕೊಂಡು ಹೋಗಿ ಗೋಲು ಹೊಡೆದರು.

ಅಪ್ಪ ಸಮಾಧಾನ ಹೇಳಿದರು: "ಏನೇ ಆಗ್ಲಿರಿ, ಹುಡುಗ್ರು ಕನ್ನಡಕ್ಕ ಸ್ಪಂದಿಸ್ಲಿಕ್ಕತ್ತಾರ."

೩. ಮಧ್ಯಂತರ

ಘೋಟಿಯ ಪಂದ್ಯಕ್ಕೆ ಅಧ್ಯಕ್ಷರು ತವಾ ಸಮೇತ ಬಂದರು. ಮಧ್ಯಂತರದಲ್ಲಿ ಬಿಸಿ ಮಸಾಲೆ ದೋಸೆ. ಆಮೇಲೆ ನಮ್ಮವರು ಓಡಲಿಲ್ಲ, ತೇಗಿದರು. ಎದುರಾಳಿಗಳೂ ತಿಂದಿದ್ದರೆ ಸರಿಹೋಗುತ್ತಿತ್ತು. ಅವರು ಪಾರ್ಸೆಲ್ ಕೇಳಿದರು.

ಕಮಿಟಿಯ ಉಳಿದವರಿಗೆ ತಾಳ್ಮೆ ಕೆಟ್ಟಿತು. ಸಂಭಾಜಿನಗರದ ಪಂದ್ಯವನ್ನೂ ಗೆಲ್ಲದಿದ್ದರೆ ಕ್ಲಬ್ ಬಂದ್ ಅಂದರು. ಕ್ಯಾಪ್ಟನ್‌ಗೆ ಅವತ್ತು ಊಟ ಸೇರಲಿಲ್ಲ. ನಮ್ಮ ಕ್ಲಬ್ಬಿನಲ್ಲಿ ಫುಟ್‌ಬಾಲ್ ಬೇಕಾಗಿದ್ದವನು ಅವನೊಬ್ಬನೇ.

೪. ಕನ್ನಡದ ಗೆಲುವು

ಸಂಭಾಜಿನಗರದ ಮೈದಾನಕ್ಕೆ ಇಳಿದರೆ ಜನ "ಕನ್ನಡ! ಕನ್ನಡ!" ಅಂತ ಕೂಗುತ್ತಿದ್ದಾರೆ. ಅಧ್ಯಕ್ಷರ ಕಣ್ಣಲ್ಲಿ ನೀರು. "ಎಂಥಾ ಅಭಿಮಾನ ಮಾರಾಯ್ರೆ!"

ಅಪ್ಪ ವಿಚಾರಿಸಿಕೊಂಡು ಬಂದರು. "ಅಭಿಮಾನ ಅಲ್ರಿ. ಈ ಜಿಲ್ಲಾದಾಗ ಕನ್ನಡ ಅಂತ ಒಂದ್ ಊರೈತಿ. ಇವ್ರು ಆ ಊರಿನ ಜನ, ಬಸ್ ಮಾಡ್ಕೊಂಡ್ ಬಂದಾರ. ನಮ್ಮ ಕ್ಲಬ್ಬಿನ ಹೆಸರಿನಾಗ ಕನ್ನಡ ಅಂತ ನೋಡಿ ಇವ್ರೂ ಸಂಘಟಕರೂ ನಾವು ಅವ್ರ ಟೀಮ್ ಅಂತ ತಿಳದಾರ. ಹೊರಗಿನ ಜಿಲ್ಲಾದವ್ರಿಗೆ ಇಲ್ಲಿ ಆಡ್ಲಿಕ್ಕೇ ಬಿಡಂಗಿಲ್ಲಂತ್ರಿ!"

ಕನ್ನಡ ಉಳಿಸಲು ಕ್ಲಬ್ ಕಟ್ಟಿದ ಅಧ್ಯಕ್ಷರು ಹುಡುಗರನ್ನು ಸುತ್ತ ಸೇರಿಸಿ ಪಿಸುಗುಟ್ಟಿದರು: "ಇವತ್ತು ಯಾರೂ ಕನ್ನಡ ಮಾತಾಡ್ಬೇಡಿ!"

ಅವರ ಅಪ್ಪಣೆಗಳಲ್ಲಿ ಹುಡುಗರು ತಪ್ಪದೆ ಪಾಲಿಸಿದ್ದು ಇದೊಂದನ್ನೇ.

ಕ್ಯಾಪ್ಟನ್ ಗೋಲು ಹೊಡೆದೇಬಿಟ್ಟ. ಕನ್ನಡ ಊರಿನವರು ಕುಣಿದರು. ಇನ್ನೇನು ಕೊನೆಯ ಸೀಟಿ ಊದಬೇಕು, ಚೆಂಡು ನಮ್ಮ ಗೋಲಿನ ಮುಂದೆ ಬಂತು. ಅಧ್ಯಕ್ಷರು ಕುರ್ಚಿಯ ಮೇಲೆ ನಿಂತು ಕಿರುಚಿದರು: "ಹೊರಗೆ ಹೊಡಿ ಮಾರಾಯಾ, ಹೊರಗೆ!"

ಪಕ್ಕದಲ್ಲಿದ್ದ ಸಂಘಟಕರು ತಿರುಗಿ, ಇದು ಯಾವ ಭಾಷೆ ಅಂತ ಮರಾಠಿಯಲ್ಲಿ ಕೇಳಿದರು. ಅಪ್ಪ ಮರಾಠಿಯಲ್ಲೇ ನಿಭಾಯಿಸಿದರು: "ನಮ್ಮ ಕನ್ನಡ ಊರಿನ ಹಳಬರು ಹೀಗೇ ಮಾತಾಡೋದು."

"ಹೌದಾ? ನಾನೂ ಕನ್ನಡ ಊರಿನವನೇ," ಅಂದರು ಸಂಘಟಕರು.

ಸೀಟಿ ಊದುವ ಮೊದಲೇ ನಮ್ಮನ್ನು ಹೊರಗೆ ಹಾಕಿದರು.

ವ್ಯಾನಿನಲ್ಲಿ ವಾಪಸ್ ಬರುವಾಗ ಅಪ್ಪ ಕೇಳಿದರು: "ಹಂಗಾದ್ರ ಕ್ಲಬ್ ಬಂದ್ ಏನ್ರಿ?"

"ಬಂದಾ?" ಅಧ್ಯಕ್ಷರು ಎದೆ ಉಬ್ಬಿಸಿದರು. "ಕೈಗೆ ಬಂದ ಗೆಲುವನ್ನು ಕನ್ನಡಕ್ಕೆ ಬಿಟ್ಟುಕೊಟ್ಟ ಕ್ಲಬ್ ಇದು! ಇಂಥದ್ದನ್ನು ಬಂದ್ ಮಾಡ್ಲಿಕ್ಕೆ ಯಾವ ಕಮಿಟಿಗೆ ಧೈರ್ಯ ಉಂಟು? ಹೀಗೇ ಬರಿ ಮಗಾ!"

ಕ್ಯಾಪ್ಟನ್ ನನ್ನ ಕಡೆ ಬಾಗಿ ಮರಾಠಿಯಲ್ಲಿ ಕೇಳಿದ: "ಕನ್ನಡಕ್ಕೆ ಯಾಕೆ ಬಿಟ್ಟುಕೊಟ್ಟೆವು ಅಕ್ಕಾ? ಆ ಊರಿನ ಟೀಮ್ ಬಂದೇ ಇರಲಿಲ್ಲವಲ್ಲ?"