ಕಳ್ಳ ಬಿಟ್ಟ ಕಾರು, ಕೋಳಿ ಬಿಡದ ಸೀಟು

ನಾನು ಬಿ.ಎಸ್ಸಿ. ಓದಿದವನು. ಪ್ರತಿಯೊಂದಕ್ಕೂ ಕಾರಣವಿರುತ್ತದೆ ಎಂದು ನಂಬಿದವನು. ಆದರೆ ಮಧುಗಿರಿಯಲ್ಲಿ ಹಳೇ ಮೋಟಾರು ಇಟ್ಟುಕೊಂಡವನಿಗೆ ಕಾರಣ ಹುಡುಕಲು ಪುರಸೊತ್ತಿರುವುದಿಲ್ಲ. ಒಂದರ ಕಾರಣ ತಿಳಿಯುವುದರೊಳಗೆ ಇನ್ನೊಂದು ಆಗಿಹೋಗಿರುತ್ತದೆ.

ಗುಮಾಸ್ತೆ ಕೆಲಸ ಬೇಡವೆಂದು, ಅಪ್ಪನನ್ನು ಕಾಡಿ ಒಂದು ಹಳೇ ಕಾರು ಕೊಂಡಿದ್ದೆ. ಮಧುಗಿರಿ, ಕೊರಟಗೆರೆ ನಡುವೆ ಬಾಡಿಗೆಗೆ ಓಡಿಸುವ ಯೋಚನೆ. ಪರವಾನಗಿಗೆ ಅರ್ಜಿ ಹಾಕಿದ ವಾರದಲ್ಲೇ ಕಾರು ಕಳುವಾಯಿತು. ಎಂಟು ದಿನದ ಮೇಲೆ ಪಾವಗಡದ ಕಡೆ ಸಿಕ್ಕಿತೆಂದು ಸುದ್ದಿ ಬಂತು. ಆಗ ಪರವಾನಗಿಯ ತಪಾಸಣೆಗೆ ಉಳಿದಿದ್ದದ್ದು ಹದಿನೈದು ದಿನ.

ಅಪ್ಪನದು ಬಟ್ಟೆ ಅಂಗಡಿ. ಅವರು ಹೇಳಿದ್ದು ಇಷ್ಟೇ: “ಅವತ್ತು ಕಾರು ಓಡಿದ್ರೆ ನೀನು ಡ್ರೈವರು. ಓಡ್ದಿದ್ರೆ ಮಾರನೇ ದಿನ ಬಂದು ಗಜದ ಕಡ್ಡಿ ಹಿಡಿ. ಹೊಸ ಸಾಮಾನಿಗೆ ದುಡ್ಡು ಮಾತ್ರ ಕೇಳ್ಬೇಡ.”

೧. ಕಾವಿಗೆ ಕೂತವಳು

ಕಳ್ಳನಿಗೆ ಕಾರು ಓಡಿಸಲು ಬರುತ್ತಿತ್ತು; ಪೆಟ್ರೋಲು ಮುಗಿಯುತ್ತದೆಂಬುದು ಗೊತ್ತಿರಲಿಲ್ಲ. ಮುಗಿದ ಜಾಗದಲ್ಲೇ ಕಾರು ಬಿಟ್ಟು, ಸ್ಟೆಪ್ನಿ ಬಿಚ್ಚಿಕೊಂಡು ಹೋಗಿದ್ದ. ಹಳ್ಳಿಯವರು ಅದನ್ನು ತಳ್ಳಿ ಒಬ್ಬ ಅಜ್ಜಿಯ ಹಿತ್ತಲಿಗೆ ಸೇರಿಸಿದ್ದರು. ನಾನು ಠಾಣೆಯ ದಫೇದಾರರೊಂದಿಗೆ ಹೋಗಿ ನೋಡಿದೆ. ರೇಡಿಯೇಟರು ಕಲ್ಲಿಗೆ ಗುದ್ದಿ ತೂತಾಗಿತ್ತು. ಹಿಂದಿನ ಸೀಟಿನ ಮೇಲೆ ಒಂದು ಕೋಳಿ ಕೂತಿತ್ತು.

ಅದನ್ನು ಅಟ್ಟಲು ಕೈ ಎತ್ತಿದೆ. ಅಜ್ಜಿ ತೆಲುಗು-ಕನ್ನಡ ಬೆರೆಸಿ ಕೂಗುತ್ತ ಓಡಿ ಬಂದಳು.

“ಏಮಯ್ಯಾ! ಕಾವಿಗೆ ಕುಂತೈತೆ, ಕಾಣಾಕಿಲ್ವಾ? ವಾರ ಆಯ್ತು. ಇನ್ನ ಎರಡು ವಾರ ಕದಲಿಸಂಗಿಲ್ಲ.”

“ಕಾರು ನನ್ನದಮ್ಮ.”

“ಕಾರು ನೀದೇ. ಕೋಳಿ ನಾದಿ. ನಿನ್ನ ಕಾರು ನೀನು ತಕೊಂಡೋಗು. ನನ್ನ ಕೋಳಿ ಮಾತ್ರ ಕದಲಬಾರ್ದು.”

ಬುಟ್ಟಿಯಲ್ಲಿ ಹುಲ್ಲು ಹಾಸಿ ಮೊಟ್ಟೆ ಇಟ್ಟರೂ ಶಾಖ ಅಷ್ಟೇ ಇರುತ್ತದೆಂದು ವಿವರಿಸಿದೆ. ಅವಳು ಪೂರ್ತಿ ಕೇಳಿದಳು.

“ಇಲ್ಲೀವರ್ಗೂ ಎಷ್ಟು ಮರಿ ಮಾಡ್ಸಿದ್ದೀಯ?”

“ಒಂದೂ ಇಲ್ಲ.”

“ಊರ್ಕೋ ಅಯ್ಯಾ, ಸುಮ್ನಿರು!”

ಕೊನೆಗೆ ಸ್ಪ್ಯಾನರು ತೆಗೆದು, ಕೋಳಿಗೆ ಅಲುಗಾಟವಾಗದಂತೆ ಸೀಟನ್ನೇ ಬಿಚ್ಚಿದೆ. ನಾಲ್ಕು ಜನ ಪಲ್ಲಕ್ಕಿಯಂತೆ ಹೊತ್ತು ಅದನ್ನು ಜಗುಲಿಯ ಮೇಲಿಟ್ಟರು. ಕೋಳಿ ಕಣ್ಣು ಕೂಡ ಮಿಟುಕಿಸಲಿಲ್ಲ. ಕಳ್ಳ ಒಯ್ದದ್ದು ಸ್ಟೆಪ್ನಿಯೊಂದನ್ನೇ. ಸೀಟನ್ನು ನಾನೇ ಕೈಯಾರೆ ಕೊಟ್ಟು ಬಂದೆ.

೨. ಸೊತ್ತಿನ ಪಟ್ಟಿ

ಎತ್ತು ಕಟ್ಟಿ ಕಾರನ್ನು ಠಾಣೆಗೆ ಎಳೆಸಿದೆವು. ಅಲ್ಲಿ ದಫೇದಾರರು ಕನ್ನಡಕ ಏರಿಸಿದರು.

“ಮುಚ್ಚಳಿಕೆ ಬರ್ದುಕೊಟ್ಟು ತಗೊಂಡೋಗಿ. ಆದ್ರೆ ಕೇಸು ಮುಗಿಯೋ ತನಕ ರಿಪೇರಿ ಕೂಡ್ದು. ಪಟ್ಟೀಲಿರೋ ಸೊತ್ತು ಸಿಕ್ಕಿದ ಸ್ಥಿತೀಲೇ ಇರ್ಬೇಕು.”

“ಪಟ್ಟಿ ನೋಡಬಹುದೇ?”

ಕೊಟ್ಟರು. ಸುದ್ದಿ ತಿಳಿದ ದಿನವೇ ಹಳ್ಳಿಗೆ ಹೋಗಿ, ಕಣ್ಣಿಗೆ ಬಿದ್ದದ್ದನ್ನೆಲ್ಲ ಪ್ರಾಮಾಣಿಕವಾಗಿ ಬರೆದಿದ್ದರು. ಮೋಟಾರು ಒಂದು. ಗಾಲಿ ನಾಲ್ಕು. ತುತ್ತೂರಿ ಒಂದು. ಕೋಳಿ ಒಂದು. ಮೊಟ್ಟೆ ಹನ್ನೊಂದು.

ನಾನು ಎರಡು ಸಲ ಓದಿದೆ.

“ಇದರಲ್ಲಿರೋದು ಯಾವುದೂ ಬದಲಾಗಬಾರದು, ಅಲ್ಲವೇ?”

“ಕೂಡ್ದು.”

“ಇನ್ನು ಎರಡು ವಾರಕ್ಕೆ ಮೊಟ್ಟೆಯೆಲ್ಲಾ ಮರಿಯಾಗುತ್ತವೆ. ಅದನ್ನು ತಡೆಯೋ ಜವಾಬ್ದಾರಿ ನನ್ನದೋ, ಠಾಣೆಯದೋ?”

ದಫೇದಾರರು ಪಟ್ಟಿ ನೋಡಿದರು. ನನ್ನ ಮುಖ ನೋಡಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಆ ಅಜ್ಜಿಯ ಹಿತ್ತಲಿಗೆ ಹೋಗುವುದನ್ನು ನೆನೆಸಿಕೊಂಡರೆಂದು ಕಾಣುತ್ತದೆ.

“ತಗೊಂಡೋಗಿ ಸ್ವಾಮಿ! ಕೋಳಿ ಒಂದ್ ಬಿಟ್ಟು ಏನ್ ಬೇಕಾದ್ರೂ ರಿಪೇರಿ ಮಾಡಿಸ್ಕೊಳ್ಳಿ!”

೩. ಶಿರಾದ ನಲ್ಲಿ

ಹೊಸ ರೇಡಿಯೇಟರಿಗೆ ಬೆಂಗಳೂರಿನವರು ಹೇಳಿದ ಬೆಲೆಗೆ ಇನ್ನರ್ಧ ಕಾರು ಬರುತ್ತಿತ್ತು. ಎತ್ತು ಕಟ್ಟಿಯೇ ಕಾರನ್ನು ಮಧುಗಿರಿಗೆ ತಂದು, ಹಳೆಯದನ್ನೇ ಬಿಚ್ಚಿ, ಗೋಣಿಯಲ್ಲಿ ಸುತ್ತಿ, ಶಿರಾದ ತಗಡು ಕೆಲಸದ ಸಾಹೇಬರ ಬಳಿ ಒಯ್ದೆ. ಹಂಡೆ, ಡಬ್ಬ, ಲಾಂದ್ರಗಳಿಗೆ ಬೆಸುಗೆ ಹಾಕುವುದರಲ್ಲಿ ಅವರದು ದೊಡ್ಡ ಹೆಸರು.

“ಇದ್ರಾಗೆ ಏನ್ ಇಡ್ತೀರಿ ಜೀ?”

“ನೀರು.”

“ಬಸ್. ನಾಳೆ ಬನ್ನಿ.”

ಮರುದಿನ ಹೋದೆ. ಬೆಸುಗೆ ಬಲು ಅಚ್ಚುಕಟ್ಟು. ಒಂದು ಹನಿಯೂ ಸೋರುತ್ತಿರಲಿಲ್ಲ. ಆದರೆ ಕೆಳಗಡೆ ಫಳಫಳ ಹೊಳೆಯುವ ಹಿತ್ತಾಳೆಯ ನಲ್ಲಿಯೊಂದಿತ್ತು.

“ಇದು ಯಾಕೆ ಸಾಹೇಬರೇ?”

ಅವರಿಗೆ ನನ್ನ ವಿದ್ಯೆಯ ಮೇಲೇ ಅನುಮಾನ ಬಂತು. “ನೀರಿನ ಪಾತ್ರೆ ಅಂತ ನೀವೇ ಹೇಳಿದ್ರಿ. ನಲ್ಲಿ ಇಲ್ದೆ ನೀರು ಹೆಂಗೆ ಹಿಡೀತೀರಿ? ಇದಕ್ಕೆ ಪೈಸೆ ಬೇಡ, ನನ್ನ ಕಡೆಯಿಂದ.”

ಕೀಳಿಸಿದರೆ ಬೆಸುಗೆಯೇ ಬಿಟ್ಟೀತೆಂದು ಹಾಗೇ ತಂದೆ. ಅಲ್ಲೇ ತೆಂಗಿನ ನಾರು ತುಂಬಿದ ಸೀಟೊಂದನ್ನು ಹೊಲಿಸಿದೆ. ಮಧುಗಿರಿಯಲ್ಲಿ ಬಾವಿಯಿಂದ ನೀರೆತ್ತುವ ಹಳೇ ಕಪಿಲೆ ಚೀಲದ ಚರ್ಮ ಕತ್ತರಿಸಿ ಬ್ರೇಕಿಗೆ ಕೂರಿಸಿದೆ. ಎಲ್ಲ ಜೋಡಿಸಿ ಒಂದು ಬೆಳಗ್ಗೆ ಎಂಜಿನ್ನು ಓಡಿಸಿದೆ. ಅದುವರೆಗೆ ಕಾರಿನ ಹತ್ತಿರವೇ ಸುಳಿಯದ ಅಪ್ಪ ಕ್ಷೌರದ ಬಟ್ಟಲು ಹಿಡಿದು ಬಂದು, ನಲ್ಲಿ ತಿರುಗಿಸಿ, ಬೆರಳದ್ದಿ ನೋಡಿದರು.

“ಪರ್ವಾಗಿಲ್ಲ,” ಎಂದರು. “ಸೌದೆ ಉಳೀತದೆ.”

೪. ಆರು ಜನ

ತಪಾಸಣೆಯ ದಿನ ಬಂತು. ಅಧಿಕಾರಿಗಳು ಹಿಂದಿನ ದಿನವೇ ಬಂದು ಮಧುಗಿರಿಯ ಮುಸಾಫಿರಖಾನೆಯಲ್ಲಿ ಇಳಿದಿದ್ದರು. ಕಾರನ್ನು ಮೂರು ಸುತ್ತು ಹಾಕಿ, ನಲ್ಲಿಯನ್ನೊಮ್ಮೆ ತಿರುಗಿಸಿ, ಮತ್ತೆ ಮುಚ್ಚಿ ಮುಂದೆ ಹೋದರು.

“ಆರು ಜನರ ಭಾರ ಎಳೀಬೇಕು. ಯಾರನ್ನಾದರೂ ಆರು ಜನ ಕೂರಿಸಿ. ಆ ಏರಿನವರೆಗೆ ಹೋಗಿ ಬರೋಣ.”

ಸಂತೆಯ ದಿನ. ಕರೆಯುವ ಮೊದಲೇ ಗಂಟುಮೂಟೆ ಸಮೇತ ಆರು ಜನ ಹತ್ತಿದರು. ಅಧಿಕಾರಿಗಳು ಮುಂದೆ ನನ್ನ ಪಕ್ಕ ಇರುಕಿಕೊಂಡರು. ಕಾರು ಕೆಮ್ಮಿತು, ಹೊರಟಿತು, ಏರು ಹತ್ತಿತು. ತುದಿಯಲ್ಲಿ ಬ್ರೇಕು ಕಿರುಚಿ ನಿಂತಿತು.

“ಸರಿ, ತಿರುಗಿಸಿ,” ಎಂದರು ಅಧಿಕಾರಿಗಳು.

ಹಿಂದಿನಿಂದ ಒಬ್ಬ ರೈತ ತಲೆ ಹಾಕಿದ. “ಯಾಕ್ ತಿರುಗಿಸ್ತೀಯಲಾ? ಕೊರಟಗೆರೆಗೆ ಅಂತ ಹತ್ತೀವಿ.”

“ಇದು ಪರೀಕ್ಷೆ!” ಎಂದರು ಅಧಿಕಾರಿಗಳು.

“ಅದೇನೈತೋ ಕೊರಟಗೆರೇಲಿ ಮಾಡ್ಕಳಿ ಸ್ವಾಮಿ. ನಮಗೆ ಹೊತ್ತಾಯ್ತದೆ.”

ಯಾರೂ ಇಳಿಯಲಿಲ್ಲ. ಕೊರಟಗೆರೆಗೇ ಹೋದೆವು. ದಾರಿಯಲ್ಲಿ ಎರಡು ಏರು, ಒಂದು ಹಳ್ಳ, ಒಂದು ಕುರಿಮಂದೆ. ಎಲ್ಲಕ್ಕೂ ಕಾರು ಸರಿಯಾಗಿ ಉತ್ತರ ಕೊಟ್ಟಿತು. ಕೊರಟಗೆರೆಯಲ್ಲಿ ಅಧಿಕಾರಿಗಳು ಕಾರಿನ ಮೂತಿಯ ಮೇಲೇ ಕಾಗದ ಇಟ್ಟು ಪರವಾನಗಿ ಬರೆದರು. “ಪ್ರಯಾಣಿಕರು ಆರು. ಒಬ್ಬ ಹೆಚ್ಚಾದರೂ ಪರವಾನಗಿ ರದ್ದು,” ಎಂದು ನನಗೆ ಜೋರಾಗಿ ಓದಿ ಹೇಳಿ, ಕೈಗೆ ಕೊಟ್ಟು ಕಾರಿನ ಕಡೆ ತಿರುಗಿದರು.

ಅಷ್ಟರಲ್ಲಿ ಮಧುಗಿರಿಗೆ ಹೊರಟ ಆರು ಜನ ಒಳಗೆ ಕೂತಾಗಿತ್ತು.

“ಸ್ವಲ್ಪ ಜರುಗಮ್ಮ,” ಎಂದರು ಅಧಿಕಾರಿಗಳು, ಮುಂದೆ ಕೂತಿದ್ದ ಹೆಂಗಸಿಗೆ.

“ಈಗ್ತಾನೆ ನೀವೇ ಓದುದ್ರಲ್ಲ? ಆರೇ ಜನ ಕಣಪ್ಪ.”

“ಬರೋವಾಗ ನಾನು ಇದರಲ್ಲೇ ಬಂದೆ!”

“ಆಗ ಪರೀಕ್ಷೆ ಮಾಡೋರು. ಈಗ ಪರೀಕ್ಷೆ ಮುಗೀತಲ್ಲ?”

ಅವರು ನನ್ನನ್ನು ನೋಡಿದರು. ನಾನು ಪರವಾನಗಿಯನ್ನು ನೋಡಿದೆ. ಕೂರಿಸಿಕೊಂಡರೆ ಅದು ಹೋಗುತ್ತದೆ. ಬಿಟ್ಟು ಹೋದರೂ ಉಳಿಯುವ ಭರವಸೆಯಿಲ್ಲ. ಸಂಜೆಯವರೆಗೆ ಬಸ್ಸಿರಲಿಲ್ಲ. ಅವರ ಊಟ ಮುಸಾಫಿರಖಾನೆಯಲ್ಲಿ ಆರುತ್ತಿತ್ತು.

ಅಧಿಕಾರಿಗಳು ಕೈ ಚಾಚಿದರು. ನಾನು ಕಾಗದ ಕೊಟ್ಟೆ. ಪೆನ್ನು ತೆಗೆದು, ‘ಆರು’ ಹೊಡೆದುಹಾಕಿ, ‘ಏಳು’ ಎಂದು ಬರೆದು, ಪಕ್ಕದಲ್ಲಿ ಸಹಿ ಮಾಡಿ ಹತ್ತಿದರು.