ಕಾಲೊಳಗಿನ ಸಾರ್ವೆ

ನನ್ನ ಕಾಲಿನ ವಿಷಯದಲ್ಲಿ ನನಗಿಂತ ಹೆಚ್ಚು ತಿಳಿದವರು ಯಾರೂ ಇಲ್ಲವೆಂಬ ದೃಢ ನಂಬಿಕೆಯಿಂದಲೇ ಆ ಬೆಳಿಗ್ಗೆ ಹೆಬ್ಬಾಳದ ಆಸ್ಪತ್ರೆಗೆ ಹೊರಟೆ. ನಾನು ಎಂ.ಎಸ್ಸಿ. ಓದಿದವನು. ಪುರಾವೆಯಿಲ್ಲದೆ ಯಾರ ಮಾತನ್ನೂ ಒಪ್ಪದವನು.

ಟ್ಯೂಬ್‌ಲೈಟ್ ಬದಲಿಸಲು ಕುರ್ಚಿ ಹತ್ತಿ, ಬಿದ್ದು ಮುರಿದುಕೊಂಡ ಎಡಗಾಲಿನ ಮೂಳೆ ಎಂಟು ತಿಂಗಳಾದರೂ ಕೂಡಿರಲಿಲ್ಲ. ಕೊನೆಗೆ ಡಾಕ್ಟರು ಮುರಿದ ಜಾಗದಲ್ಲಿ ಸ್ಪಂಜಿನಂಥ ಒಂದು ಚೂರನ್ನು ಕೂರಿಸಿದರು. ಮೂಳೆ ಬೆಳೆಸುವ ಔಷಧ ಅದರಿಂದ ನಿಧಾನವಾಗಿ ಜಿನುಗುತ್ತದೆ, ಹೊಸ ಮೂಳೆ ಅದರ ತೂತುಗಳಲ್ಲಿ ಹಬ್ಬುತ್ತದೆ. ಅದಕ್ಕೆ ಸ್ಕ್ಯಾಫೋಲ್ಡ್ ಎನ್ನುತ್ತಾರೆ. ನಾನು ಮನೆಯವರಿಗಾಗಿ ಕನ್ನಡ ಮಾಡಿ, ಕಟ್ಟಡಕ್ಕೆ ಬೊಂಬಿನಲ್ಲಿ ಕಟ್ಟುತ್ತಾರಲ್ಲ, ಆ ಸಾರ್ವೆ ಎಂದೆ. ಕೆಟ್ಟದ್ದು ಅಲ್ಲೇ.

ಹೆಂಡತಿಯ ತಮ್ಮ ಮುನಿರಾಜು ಹುಣಸಮಾರನಹಳ್ಳಿಯ ಗಾರೆ ಮೇಸ್ತ್ರಿ. ತಣಿಸಂದ್ರದ ಎಷ್ಟೋ ಅಪಾರ್ಟ್‌ಮೆಂಟುಗಳಿಗೆ ಸಾರ್ವೆ ಕಟ್ಟಿದವನು.

"ಅಂಗಾರೆ ಅದನ್ನ ಯಾವಾಗ ಬಿಚ್ತಾರೆ ಭಾವ?" ಎಂದ.

"ಬಿಚ್ಚೋದಾ?"

"ಗೋಡೆ ಎದ್ದ್ ಮೇಲೂ ಸಾರ್ವೆ ಅಂಗೇ ಬಿಟ್ರೆ ಓನರ್ ನನ್ನ ಸುಮ್ನೆ ಬಿಡ್ತಾನಾ?"

ತರ್ಕಬದ್ಧವಾದ ಮಾತು. ಕೇಳುತ್ತಿದ್ದಂತೆ, ಮೂರು ತಿಂಗಳಿಗೆ ತೆಗೆಯುತ್ತೇವೆ ಎಂದು ಡಾಕ್ಟರು ಹೇಳಿದ್ದು ನನಗೆ ನೆನಪಾಗಿಯೇ ಬಿಟ್ಟಿತು. ಅವರ ಕನ್ನಡಕ, ಕೈಯಲ್ಲಿದ್ದ ಪೆನ್ನಿನ ಸಮೇತ.

"ರೀ, ತಾನಾಗೇ ಕರಗಿಹೋಗುತ್ತೆ ಅಂದ್ರು. ನಾನೂ ಪಕ್ಕದಲ್ಲೇ ಇದ್ನಲ್ಲ," ಎಂದಳು ಹೆಂಡತಿ ಲಲಿತಾ.

"ನಿಂಗೆ ಸರಿಯಾಗಿ ಕೇಳಿಸಿಲ್ಲ."

ಅವಳು ಬಿಡಿಸುತ್ತಿದ್ದ ಸೊಪ್ಪನ್ನು ಕೆಳಗಿಟ್ಟಳು. "ಸರಿ. ಡಾಕ್ಟ್ರು ತೆಗೀಬೇಕು ಅಂದ್ರೆ ನಿಮ್ಮ ಮರೆವಿನ ಸುದ್ದಿ ಇನ್ನು ಎತ್ತಲ್ಲ. ಇಲ್ಲ ಅಂದ್ರೆ ನರದ ಡಾಕ್ಟ್ರ ಹತ್ರ ನೀವು ಬರ್ಬೇಕು."

ನಾನು ಹೆದರುತ್ತಿದ್ದದ್ದು ಅದಕ್ಕೇ. ನಮ್ಮಪ್ಪ ಕೊನೆಯ ವರ್ಷಗಳಲ್ಲಿ "ತಾವು ಯಾರ ಪೈಕಿ?" ಎಂದು ನನ್ನನ್ನು ಬಹಳ ಗೌರವದಿಂದ ವಿಚಾರಿಸುತ್ತಿದ್ದರು.

ಆದರೆ ನನಗೆ ಮರೆವು ಎನ್ನಲು ಸಾಕ್ಷಿ ಎಲ್ಲಿದೆ? ಹೋದ ತಿಂಗಳು ಊರುಗೋಲು ಕಾಣೆಯಾದಾಗಲೂ, ಮುನಿರಾಜುವೇ ಅದನ್ನು ಯಾವುದೋ ಸಾರ್ವೆಗೆ ಸೇರಿಸಿ ಕಟ್ಟಿದ್ದಾನೆಂದು ನಾನು ಸಾಧಿಸಿ ತೋರಿಸಿದ್ದೆ. ಪಾಪ, ಅವನು ವಾದಿಸದೆ ಹೊಸ ಕೋಲು ತಂದುಕೊಟ್ಟಿದ್ದ.

ಹೀಗೆ ಮೂರು ತಿಂಗಳು ತುಂಬಿದ ಆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಟವೆಲ್ಲು, ಫ್ಲಾಸ್ಕು, ಒಂದು ಜೊತೆ ಬಟ್ಟೆಯೊಂದಿಗೆ ಲಲಿತಾ, ಮುನಿರಾಜು ಇಬ್ಬರನ್ನೂ ಕರೆದುಕೊಂಡು ನಾನು ಡಾಕ್ಟರ ಮುಂದೆ ಹಾಜರಾದೆ.

"ಆಪರೇಷನ್ನಿಗೆ ಸಿದ್ಧವಾಗಿ ಬಂದಿದ್ದೀನಿ."

"ಏನ್ ಆಪರೇಷನ್ನು?"

"ಸಾರ್ವೆ ಬಿಚ್ಚೋದು."

"ಬೇಕಾದ್ರೆ ನಮ್ ಕಡೆ ಆಳು ಅವ್ರೆ ಸಾರ್," ಎಂದ ಮುನಿರಾಜು.

ಡಾಕ್ಟರು ಹೊಸ ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದರು. "ಬಿಚ್ಚೋಕೆ ಏನಿದೆ ಸರ್? ಅದು ಕರಗ್ತಾ ಬಂದಿದೆ. ಆ ಜಾಗದಲ್ಲಿ ಈಗ ನಿಮ್ಮ ಮೂಳೇನೇ ಬೆಳೆದಿದೆ."

"ತೆಗೀತೀವಿ ಅಂದಿದ್ರಿ. ನನಗೆ ಚೆನ್ನಾಗಿ ನೆನಪಿದೆ."

ಅವರು ಫೈಲು ತಿರುವಿ ಒಂದು ಹಾಳೆ ತೋರಿಸಿದರು. ಆಪರೇಷನ್ನಿಗೆ ಮುಂಚೆ ನಾನು ಬರೆದುಕೊಟ್ಟಿದ್ದ ಒಪ್ಪಿಗೆ ಪತ್ರ. "ಇದು ತಾನಾಗಿ ಕರಗುತ್ತದೆ, ತೆಗೆಯಬೇಕಿಲ್ಲ ಎಂದು ತಿಳಿದಿದ್ದೇನೆ." ಅದರ ಕೆಳಗೆ ಎರಡು ಗೆರೆ ಎಳೆದು: "ಮರೆಯುವುದಿಲ್ಲ."

ಅಕ್ಷರ ನನ್ನದೇ. ಬೇಕೆಂದಿದ್ದ ಪುರಾವೆ ಸಿಕ್ಕಿತು.

ಲಲಿತಾ ಗೆದ್ದ ಮುಖ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

ಆಟೋ ಫ್ಲೈಓವರ್ ಏರುವಾಗ ಅವಳು ಕೇಳಿದಳು: "ಕೋಲೆಲ್ಲಿ ರೀ?"

ಕೋಲಿಲ್ಲದೆಯೇ ನಡೆದುಬಂದು ಆಟೋ ಹತ್ತಿದ್ದೆ.

"ಕಾಲು ವಾಸಿ ಆಯ್ತು ಬಿಡಿ ಭಾವ," ಎಂದ ಮುನಿರಾಜು. ಮೂವರೂ ನಕ್ಕೆವು. ಲಲಿತಾ ಸ್ವಲ್ಪ ಬೇಗ ನಿಲ್ಲಿಸಿದಳು.

ಪುಟ್ಟೇನಹಳ್ಳಿಯ ಮನೆ ಸೇರಿ ಕಾಫಿಗೆ ಕೂತಾಗ ಆಸ್ಪತ್ರೆಯಿಂದ ಫೋನು ಬಂತು. "ಸರ್, ನಿಮ್ಮ ಕೋಲು ಇಲ್ಲೇ ಬಿಟ್ಟಿದ್ದೀರ."

"ಗೊತ್ತಮ್ಮ, ನಾಳೆ ಬರ್ತೀವಿ."

"ಎರಡೂ ತಗೊಂಡ್ಹೋಗಿ ಸರ್. ಹೋದ ತಿಂಗಳು ಚೆಕಪ್‌ಗೆ ಬಂದು ವ್ಹೀಲ್‌ಚೇರಲ್ಲಿ ಹೊರಟಾಗ ಬಿಟ್ಟಿದ್ದೂ ಇಲ್ಲೇ ಇದೆ."

ಮುನಿರಾಜು ಎದುರಿಗೇ ಕೂತು ಕಾಫಿ ಆರಿಸಿಕೊಳ್ಳುತ್ತಿದ್ದ. ಅವನ ಮುಖ ನೋಡಲಾಗಲಿಲ್ಲ. "ತಪ್ಪಾಯ್ತು ಕಣಯ್ಯ, ಕೋಲು ನೀನು ತಗೊಂಡಿರ್ಲಿಲ್ಲ," ಎಂದೆ. ಆಮೇಲೆ, ಇದ್ದಬದ್ದ ಧೈರ್ಯವನ್ನೆಲ್ಲ ಕೂಡಿಸಿಕೊಂಡು ಲಲಿತಾಳನ್ನು ಕೇಳಿದೆ:

"ನರದ ಡಾಕ್ಟ್ರ ಹತ್ರ ಯಾವತ್ತು ಹೋಗೋಣ?"

"ಸೋಮವಾರ ಅಂತ ಆಟೋದಲ್ಲೇ ಹೇಳಿದ್ನಲ್ರೀ," ಎಂದಳು. "ನೀವು ಹೂಂ ಅಂದ್ರಿ."